ಕ್ಯಾಮೆರಾದ ಕಣ್ಣಿಗೆ ವಿಭೂತಿ

ನಾನು ಫುಲ್ ಫ್ರೇಮ್ ಕ್ಯಾಮೆರಾ ಕೊಂಡದ್ದು ಕಲೆಯ ಹುಚ್ಚಿನಿಂದಲ್ಲ, ಅತ್ತೆಯವರ ಹೆದರಿಕೆಯಿಂದ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಅಣ್ಣಿಗೇರಿಯ ಪೇಟೆಯಲ್ಲಿ ಈಗಾಗಲೇ ನನ್ನ ಬಗ್ಗೆ ಎರಡು ಮಾತು ಓಡಾಡುತ್ತಿವೆ. ಹೈಸ್ಕೂಲಿನ ವಿಜ್ಞಾನದ ಅಕ್ಕೋರು ನಿವೃತ್ತಿಯಾದ ಮೇಲೆ ಮದುವೆ ಫೋಟೋದ ಧಂದೆಗೆ ಇಳಿಯುತ್ತಾರಂತೆ ಎನ್ನುವುದು ಒಂದು. ಅಷ್ಟು ರೊಕ್ಕದಲ್ಲಿ ಒಂದು ಜೋಡಿ ಎತ್ತು ಬರುತ್ತಿದ್ದವು ಎನ್ನುವುದು ಇನ್ನೊಂದು. ಈ ಎರಡನೆಯ ಮಾತು ಆಡಿದವರ ಮನೆಯಲ್ಲಿ ಎತ್ತುಗಳಿಲ್ಲ, ಟ್ರ್ಯಾಕ್ಟರ್ ಇದೆ. ಆದರೂ ನಮ್ಮ ಕಡೆ ಬೇರೆಯವರ ದುಂದುಗಾರಿಕೆಯನ್ನು ಎತ್ತಿನ ಲೆಕ್ಕದಲ್ಲೇ ಅಳೆಯುವುದು ರೂಢಿ.

ಅತ್ತೆಯವರ ಹೆದರಿಕೆ ಎಂದೆನಲ್ಲ, ಅದರಲ್ಲಿ ಎರಡು ಬಗೆ. ನನಗೆ ಅವರ ಹೆದರಿಕೆ. ಅವರಿಗೆ ಬ್ಯಾನರಿನ ಹೆದರಿಕೆ. ಅತ್ತೆ ನೀಲವ್ವನವರು ಸಾವಿಗೆ ಅಂಜುವ ಪೈಕಿ ಅಲ್ಲ. ಆದರೆ ಈಗ ಯಾರಾದರೂ ಕಣ್ಣು ಮುಚ್ಚಿದರೆ ಸಾಕು, ನೆಂಟರಿಗಿಂತ ಮೊದಲು ಫ್ಲೆಕ್ಸ್ ಅಂಗಡಿಗೆ ಫೋನು ಹೋಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಬಸ್ ಸ್ಟ್ಯಾಂಡಿನ ಎದುರು ದೀಪ, ಹೂಮಾಲೆ, ಪಾರಿವಾಳಗಳ ನಡುವೆ ಸತ್ತವರು ಬಿಸಿಲಿಗೆ ನಿಂತಿರುತ್ತಾರೆ. ಬದುಕಿದ್ದಾಗ ಅವರೊಬ್ಬರದೇ ಫೋಟೋ ತೆಗೆಯಬೇಕೆಂದು ಯಾರಿಗೂ ಹೊಳೆದಿರುವುದಿಲ್ಲವಾದ್ದರಿಂದ, ಯಾವುದೋ ಮದುವೆಯ ಆಲ್ಬಮ್ಮಿನಿಂದ ತಲೆ ಕತ್ತರಿಸಿ ತಂದು ಅಂಟಿಸಿರುತ್ತಾರೆ.

ತಂಬೂರ ಎಂಬ ಊರಿನಲ್ಲಿದ್ದ ಅತ್ತೆಯವರ ತಂಗಿ ಗಂಗವ್ವನವರು ಹೋದಾಗ ಹೀಗೇ ಆಯಿತು. ಸಿಕ್ಕದ್ದು ಮದುವೆಯ ಊಟದ ಪಂಕ್ತಿಯ ಫೋಟೋ. ಗಂಗವ್ವನವರು ಹೋಳಿಗೆಯ ತುತ್ತನ್ನು ಆಗಷ್ಟೇ ಬಾಯಿಗಿಟ್ಟಿದ್ದರು. ಒಂದು ಕೆನ್ನೆ ಉಬ್ಬಿತ್ತು. ಹೆಗಲ ಮೇಲೆ ಬಳೆ ತುಂಬಿದ ಯಾರದೋ ಕೈ, ಕೈಗೆ ಮಾತ್ರ ವಾರಸುದಾರರಿಲ್ಲ. ಅದರ ಕೆಳಗೆ "ಮತ್ತೆ ಹುಟ್ಟಿ ಬನ್ನಿ" ಎಂದು ಬೇರೆ ಬರೆದಿದ್ದರು. ಅತ್ತೆ ಮಣ್ಣು ಮುಗಿಸಿಕೊಂಡು ತಿರುಗಿ ಬರುವಾಗ ಅದನ್ನು ನೋಡಿದರು. ಅಲ್ಲಿಯವರೆಗೆ ಗಟ್ಟಿಯಾಗಿದ್ದವರು ಬಸ್ಸಿನಲ್ಲಿ ಕೂತು ಸೆರಗು ಬಾಯಿಗೆ ಹಿಡಿದರು.

"ಬಾಯಾಗಿನ ತುತ್ತ ನುಂಗಾಕೂ ಬಿಡ್ಲಿಲ್ಲಲ್ಲ ಆಕೀನ್ನ," ಎಂದರು.

ಮನೆಗೆ ಬಂದವರೇ ಅಪ್ಪಣೆ ಕೊಡಿಸಿದರು. "ನಾ ಇದ್ದಾಗನ ನನ್ನ ಫೋಟೋ ನಾನ ಆರಸ್ತೇನಿ. ನನ್ನ ಬಾಗಲಾ ಕಾಣಬೇಕು, ನನ್ನ ಬೆಂಡವಾಲಿ ಕಾಣಬೇಕು, ನಾನೂ ಕಾಣಬೇಕು. ಸುಮಾ, ನೀ ತಗಿ."

ಬಾಗಿಲು ಎಂದರೆ ನಮ್ಮ ಮನೆಯ ಮುಂಬಾಗಿಲು. ಮಾವನವರು ತೀರಿಕೊಂಡ ಮೇಲೆ, ಇನ್ನು ಈ ಮನೆ ಮುಳುಗಿತು ಎಂದು ಅವರ ಅಣ್ಣತಮ್ಮಂದಿರೆಲ್ಲ ಮಾತಾಡಿಕೊಳ್ಳುತ್ತಿದ್ದಾಗ, ಅತ್ತೆ ತಾವೇ ಹತ್ತಿ ಬೆಳೆಸಿ, ಮಾರಿ, ಬಡಿಗೇರನ ಎದುರು ಕೂತು ಮಾಡಿಸಿದ ಸಾಗುವಾನಿ ಬಾಗಿಲು. ಬೆಂಡವಾಲಿ ಅವರ ತಾಯಿ ಕೊಟ್ಟ ಕಿವಿಯೋಲೆ. ಹೀಗಾಗಿ ಇದು ಬರೀ ಫೋಟೋ ಅಲ್ಲ, ಅವರ ಆಯುಷ್ಯದ ಜಮಾಖರ್ಚು. ಫೋನಿನಲ್ಲಿ ತೆಗೆಯುತ್ತೇನೆ ಎಂದೆ. "ಫೋನಿನ್ಯಾಗ ತಗದದ್ದು ಫೋನಿನ್ಯಾಗನ ಸಾಯತೈತಿ," ಎಂದು ತಳ್ಳಿಹಾಕಿದರು. ಮೂವತ್ತು ವರ್ಷದಲ್ಲಿ ಅವರು ನನಗೆ ವಹಿಸಿದ ಮೊದಲ ದೊಡ್ಡ ಕೆಲಸ ಇದು. ರೊಟ್ಟಿ ಬಡಿಯುವುದನ್ನು ಕೂಡ ಅವರು ನನ್ನ ಕೈಗೆ ಪೂರ್ತಿ ಬಿಟ್ಟವರಲ್ಲ.

ಇನ್ನು ಕ್ಯಾಮೆರಾ ಆರಿಸುವ ಕಥೆ. ಪೇಟೆಯ ಸ್ಟುಡಿಯೋದ ಈರಣ್ಣನ ಬಳಿ ಮೊದಲು ಹೋದೆ, ಜೊತೆಗೆ ನಮ್ಮವರನ್ನೂ ಕರೆದುಕೊಂಡು ಹೋದದ್ದು ತಪ್ಪಾಯಿತು. ಕೊಳ್ಳುವವಳು ನಾನು, ಕೇಳುವವಳು ನಾನು, ಈರಣ್ಣ ಹೇಳಿದ್ದೆಲ್ಲ ನಮ್ಮವರಿಗೆ. ನಮ್ಮವರದು ರೈತರ ಕಾಳುಕಡಿ ಮಾರಿಸಿಕೊಡುವ ಅಡತಿ ಅಂಗಡಿ. ಮೆಗಾಪಿಕ್ಸೆಲ್ಲಿನ ವಿಷಯ ಬಂದಾಗಲೆಲ್ಲ ಅವರು ಗಂಭೀರವಾಗಿ ತಲೆಯಾಡಿಸುತ್ತಿದ್ದರು. ಆ ಹೊತ್ತಿನಲ್ಲಿ ಅವರು ಕಡಲೆಯ ಧಾರಣೆ ಯೋಚಿಸುತ್ತಿರುತ್ತಾರೆ ಎಂದು ನನಗೆ ಗೊತ್ತು, ಈರಣ್ಣನಿಗೆ ಗೊತ್ತಿಲ್ಲ. "ಸಾಹುಕಾರ್ರ, ಫುಲ್ ಫ್ರೇಮ್ ತಗೋರಿ. ಎರಡು ಕಾರ್ಡ್ ಹಾಕೂದಿರಬೇಕು. ಒಂದು ಕೆಟ್ಟರ ಇನ್ನೊಂದು," ಎಂದ. ಮುಹೂರ್ತ ಮತ್ತೊಮ್ಮೆ ಬರುವುದಿಲ್ಲ ಎನ್ನುವುದು ಅವನ ವಾದ. ಅತ್ತೆ ದಿನಾಲೂ ಬಾಗಿಲಲ್ಲೇ ಕೂತಿರುತ್ತಾರಪ್ಪಾ ಎಂದೆ. ಅವನು ನಮ್ಮವರ ಕಡೆ ನೋಡಿ ನಕ್ಕ.

ಎರಡನೆಯವರು ಮೆಹಬೂಬ ಸರ್. ನವಲಗುಂದದ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಾರೆ, ರಜೆ ಬಂದರೆ ಎರೆಹೊಲಗಳಲ್ಲಿ ಹಕ್ಕಿಗಳ ಹಿಂದೆ ಹೊಟ್ಟೆಯ ಮೇಲೆ ತೆವಳುತ್ತಾರೆ. ಬಹಳ ಸಂಭಾವಿತರು. ಆದರೆ ಅವರ ಪ್ರಕಾರ ಕ್ಯಾಮೆರಾ ಎನ್ನುವುದು ಲೆನ್ಸಿನ ಹಿಂದಿನ ಮುಚ್ಚಳ ಮಾತ್ರ. "ಬಾಡಿ ಬಗ್ಗೆ ತಲಿ ಕೆಡಿಸ್ಕೋಬ್ಯಾಡ್ರಿ ಮೇಡಂ, ರೊಕ್ಕ ಎಲ್ಲಾ ಲೆನ್ಸಿಗೆ ಸುರೀರಿ," ಎಂದರು. ನಂತರ ಒಂದು ಲೆನ್ಸ್ ತೋರಿಸಿದರು. ಅದನ್ನು ಹೊರಲು ಆಳು ಬೇಕು. ಅರ್ಧ ಫರ್ಲಾಂಗು ದೂರದಿಂದ ಹದ್ದಿನ ಕಣ್ಣು ಕಾಣುತ್ತದಂತೆ. ನಮ್ಮ ಅತ್ತೆಯವರನ್ನು ಅಷ್ಟು ದೂರದಿಂದ ನೋಡುವ ಅನುಕೂಲ ಮದುವೆಯ ಹೊಸದರಲ್ಲಿ ಸಿಕ್ಕಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದುಕೊಂಡೆ.

ಮೂರನೆಯವನು ಯರಗುಪ್ಪಿಯ ಭಾವನವರ ಮಗ ಬಸು. ಅವನ ಬಳಿ ಕ್ಯಾಮೆರಾ ಇಲ್ಲ. ಆದ್ದರಿಂದ ಅವನ ಜ್ಞಾನಕ್ಕೆ ಅನುಭವದ ಅಡ್ಡಿಯೂ ಇಲ್ಲ. ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಅವನು ಒಂದು ಕಂಪನಿಗೆ ದೀಕ್ಷೆ ತೆಗೆದುಕೊಂಡಿದ್ದಾನೆ. ಬೇರೆ ಕಂಪನಿಯ ಹೆಸರೆತ್ತಿದರೆ ಅವನ ಮುಖ ಹುಳ್ಳಗಾಗುತ್ತದೆ. ಹನ್ನೆರಡನೆಯ ಶತಮಾನದ ಶರಣರಿಗೂ ನಮ್ಮ ಮನೆತನಗಳಿಗೆ ದೀಕ್ಷೆ ಕೊಡುವುದು ಇಷ್ಟು ಸುಲಭವಿದ್ದಿರಲಿಕ್ಕಿಲ್ಲ. "ಕಾಕು, ಆ ಇನ್ನೊಂದ ಕಂಪನೀದು ತಗೊಂಡ್ರ ನಾ ನಿಮ್ಮನಿಗೆ ಬರೂದಿಲ್ಲ ನೋಡ್ರಿ," ಎಂದ. ಆ ಕಂಪನಿಯ ಬಗ್ಗೆ ನನಗೆ ಒಲವು ಹುಟ್ಟಿದ್ದು ಆಗಲೇ.

ಪಾಠ ಹೇಳುವವಳ ಚಟ, ಇಲ್ಲಿ ಸ್ವಲ್ಪ ಪಾಠ ಮಾಡುತ್ತೇನೆ. ಕೊನೆಯ ಬೆಂಚಿನವರು ಆಕಳಿಸಬಹುದು. ಕ್ಯಾಮೆರಾದ ಒಳಗೆ ಬೆಳಕು ಬಂದು ಬೀಳುವ ಸಣ್ಣದೊಂದು ತಗಡು ಇರುತ್ತದೆ, ಅದಕ್ಕೆ ಸೆನ್ಸರ್ ಎನ್ನುತ್ತಾರೆ. ಫುಲ್ ಫ್ರೇಮ್ ಎಂದರೆ ಈ ಸೆನ್ಸರ್ ಹಳೆಯ ಫಿಲ್ಮ್ ರೋಲಿನ ಒಂದು ಚಿತ್ರದಷ್ಟು ಅಗಲ ಇರುವುದು. ಇಷ್ಟೇ. ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ಈರಣ್ಣನ ಅಪ್ಪ ಅದೇ ಅಳತೆಯ ರೋಲು ಹಾಕಿಕೊಂಡು, ಯಾವ ಅಭಿಪ್ರಾಯವೂ ಇಲ್ಲದೆ, ಊರಿನ ಮದುವೆಗಳನ್ನೆಲ್ಲ ತೆಗೆದರು. ಆಗ ಅದನ್ನು ಯಾರೂ ಫುಲ್ ಫ್ರೇಮ್ ಎನ್ನುತ್ತಿರಲಿಲ್ಲ, ರೋಲ್ ಎನ್ನುತ್ತಿದ್ದರು, ಅದು ಮುಗಿಯುತ್ತಿತ್ತು. ಹಾಗೆ ಮುಗಿಯುತ್ತಿದ್ದುದೇ ಅದರ ದೊಡ್ಡ ಗುಣ. ಈಗ ಕಾರ್ಡು ಮುಗಿಯುವುದಿಲ್ಲ, ಅದರ ಬಗೆಗಿನ ಮಾತಂತೂ ಮೊದಲೇ ಮುಗಿಯುವುದಿಲ್ಲ.

ಅಂತೂ ಕ್ಯಾಮೆರಾ ಬಂತು. ಯಾವುದು ಎಂದು ಹೇಳುವುದಿಲ್ಲ. ಬಸು ಈಗಲೂ ನಮ್ಮ ಮನೆಗೆ ಬರುತ್ತಾನೆ, ಅಷ್ಟು ಹೇಳಬಲ್ಲೆ. ಬಂದ ಮೇಲೆ ಅದನ್ನು ಹಿಡಿಯುವುದು ಹೇಗೆ, ಇಡುವುದು ಹೇಗೆ ಎಂಬ ಎರಡನೆಯ ಅಧ್ಯಾಯ ಶುರುವಾಯಿತು. ಗಾಳಿಯಲ್ಲಿ ಲೆನ್ಸ್ ಬದಲಿಸಬೇಡಿ, ಒಳಗೆ ಧೂಳು ಹೋಗುತ್ತದೆ ಎಂದರು ಮೆಹಬೂಬ ಸರ್. ಅಣ್ಣಿಗೇರಿಯಲ್ಲಿ ಧೂಳಿಲ್ಲದ ಜಾಗ ಎಲ್ಲಿದೆ ಎಂದು ಕೇಳಿದೆ. ಅವರು ಬಹಳ ಹೊತ್ತು ಯೋಚಿಸಿ, ಹುಬ್ಬಳ್ಳಿ ಎಂದರು. ಈರಣ್ಣ ಅಕ್ಕಿಯ ಡಬ್ಬಿಯಲ್ಲಿ ಇಡಿ ಎಂದ, ಬೂಸ್ಟು ಹಿಡಿಯುವುದಿಲ್ಲವಂತೆ. ಬಸು ಅಕ್ಕಿ ಹಿಟ್ಟು ಗುಂಡಿಗಳೊಳಗೆ ಹೋಗುತ್ತದೆ ಎಂದು ಹೌಹಾರಿದ. ನಾನು ಅದನ್ನು ಬೀರುವಿನಲ್ಲಿ ರೇಷ್ಮೆ ಸೀರೆಗಳ ನಡುವೆ ಇಟ್ಟೆ. ನಮ್ಮ ಮನೆಯಲ್ಲಿ ಯಾರೂ ಕೈಹಾಕದ ಜಾಗ ಅದೊಂದೇ.

ದೊಡ್ಡ ಜಗಳ ನಡೆದದ್ದು ಫಿಲ್ಟರಿನ ಮೇಲೆ. ಲೆನ್ಸಿನ ಮುಂದೆ ತಿರುಗಿಸಿ ಕೂಡಿಸುವ ಒಂದು ತೆಳು ಗಾಜು ಅದು. ಅದು ಇಲ್ಲದ ಲೆನ್ಸ್ ಚಪ್ಪಲಿ ಇಲ್ಲದ ಕಾಲಿದ್ದಂತೆ ಎಂದು ಈರಣ್ಣ. ತುಟ್ಟಿ ಲೆನ್ಸಿನ ಮುಂದೆ ಅಗ್ಗದ ಗಾಜು ಇಡುವುದು ಮಹಾಪಾಪ ಎಂದು ಮೆಹಬೂಬ ಸರ್. ಇಬ್ಬರೂ ನಮ್ಮ ಕಟ್ಟೆಯ ಮೇಲೆ ಕೂತು ಎರಡು ಸಲ ಚಹಾ ಕುಡಿದು ಜಗಳ ಮಾಡಿದರು. ನಾನು ಸರ್ ಮಾತು ಕೇಳಿದೆ. ಲೆನ್ಸು ಬರಿಗಣ್ಣಿನಲ್ಲೇ ಉಳಿಯಿತು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಮೊದಲ ಫೋಟೋದ ದಿನ ಅತ್ತೆ ಇಳಕಲ್ ಸೀರೆ ಉಟ್ಟು, ಬೆಂಡವಾಲಿ ಹುಣಸೆಹಣ್ಣಿನಿಂದ ತಿಕ್ಕಿ ಹಾಕಿಕೊಂಡು, ಬಾಗಿಲ ಮುಂದೆ ಕುರ್ಚಿ ಹಾಕಿಸಿ ಕೂತರು. ಬಸು ನನ್ನ ಕಿವಿಯ ಬಳಿಯೇ ನಿಂತಿದ್ದ. ಲೆನ್ಸಿನ ಬಾಯಿಯನ್ನು ಪೂರ್ತಿ ತೆರೆದಿಡಬೇಕು, ಹಿಂದಿನದೆಲ್ಲ ಮಸುಕಾಗಬೇಕು, ಫುಲ್ ಫ್ರೇಮಿನ ಮಜವೇ ಅದು ಎಂದ. ಹಾಗೇ ಮಾಡಿದೆ. ಟಿವಿಗೆ ಜೋಡಿಸಿ ದೊಡ್ಡದಾಗಿ ತೋರಿಸಿದೆವು. ಕಣ್ಣು ಕಣ್ಣಿನ ರೆಪ್ಪೆ ಸಮೇತ ಕೆತ್ತಿದಂತೆ ಬಂದಿತ್ತು. ಅಲ್ಲಿಂದ ಕಿವಿಗೆ ಹೋಗುವಷ್ಟರಲ್ಲಿ ಬೆಂಡವಾಲಿ ಹಳದಿ ಉಂಡೆಯಾಗಿತ್ತು. ಬಾಗಿಲಂತೂ ಕಂದು ಬಣ್ಣದ ಮಂಜು.

"ನನ್ನ ಬಾಗಲಾ ಎಲ್ಲೆತಿ?"

"ಆಯೀ, ಹಿಂದಿಂದು ಬ್ಲರ್ ಆಗೇತಿ. ಅದಕ್ಕs ಜನಾ ರೊಕ್ಕಾ ಕೊಡತಾರ," ಎಂದ ಬಸು ಅಜ್ಜಿಗೆ.

"ರೊಕ್ಕಾ ಕೊಟ್ಟು ಮಂಜ ತರಿಸೀರಿ? ನಾ ಕಟ್ಟಿಸಿದ್ದನ್ನ ಅಳಸಾಕ ಇಷ್ಟ ದೊಡ್ಡ ಮಷೀನ ಬೇಕಿತ್ತಾ?"

ನಾನು ನಗಲಿಲ್ಲ. ಅವರ ಮಾತಿನಲ್ಲಿ ನ್ಯಾಯವಿತ್ತು. ಜಗತ್ತಿನ ಜಾಣರೆಲ್ಲ ಸೇರಿ, ಮನುಷ್ಯನ ಹಿಂದೆ ಇರುವುದನ್ನೆಲ್ಲ ಅಳಿಸಿಹಾಕುವ ಗಾಜನ್ನು ಅತಿ ತುಟ್ಟಿ ಮಾಡಿಟ್ಟಿದ್ದಾರೆ. ಮನೆ, ಬಾಗಿಲು, ನೆರೆಹೊರೆ ಏನೂ ಇಲ್ಲದೆ, ಹುಟ್ಟಿದಾಗಿನಿಂದ ಮಂಜಿನಲ್ಲೇ ಬೆಳೆದವರಂತೆ ಕಾಣುವುದು ಈಗಿನ ಸೌಂದರ್ಯ. ಅತ್ತೆಯವರಿಗೆ ಇದು ತಿಳಿಯುವ ಮಾತಲ್ಲ. ಬಾಗಿಲು ಬಿಟ್ಟರೆ ನೀಲವ್ವ ಎಂದರೆ ಯಾರು?

ಎರಡನೆಯ ಸಲ ಲೆನ್ಸಿನ ಬಾಯಿ ಕಿರಿದು ಮಾಡಿ ತೆಗೆದೆ. ಈಗ ಎಲ್ಲವೂ ಬಂತು. ಬಾಗಿಲ ಮೇಲಿನ ಗಿಣಿಯ ಕೆತ್ತನೆ, ಬೆಂಡವಾಲಿಯ ಹರಳು, ಸೀರೆಯ ನೂಲು ನೂಲೂ ಬಂದವು. ಜೊತೆಗೆ ಎಪ್ಪತ್ತೆಂಟು ವರ್ಷದ ಬಿಸಿಲು ಅವರ ಮುಖದ ಮೇಲೆ ಎಳೆದ ಗೆರೆ ಒಂದೊಂದೂ ಬಂತು. ಈರಣ್ಣ ಭೇಷ್ ಎಂದ. ಬಸು ಇನ್ನಷ್ಟು ಹಿಗ್ಗಿಸಿ ಗಲ್ಲದ ಮೇಲಿನ ಒಂದು ಕೂದಲನ್ನು ಹುಡುಕಿ ತೆಗೆದು ಹಿರಿಹಿರಿ ಹಿಗ್ಗಿದ. ಅತ್ತೆ ಟಿವಿಯಿಂದ ಮುಖ ತಿರುಗಿಸಿದರು.

"ಬಂದ್ ಮಾಡು," ಎಂದರು. ಆಮೇಲೆ ಮೆಲ್ಲಗೆ, "ಇದಕ್ಕಿಂತ ಗಂಗಿ ಫೋಟೋನ ಚಲೋ ಇತ್ತು. ಆಕಿ ಉಣ್ಣಾಕಾದ್ರೂ ಹತ್ತಿದ್ಲು," ಎಂದರು.

ಅಂದು ಅವರು ಉಟ್ಟ ಸೀರೆಯನ್ನು ಮಡಿಚಿ ಟ್ರಂಕಿಗೆ ಹಾಕಿದರು. ಫೋಟೋದ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೂವರು ಪಂಡಿತರು ಮಾತ್ರ ತಮ್ಮ ತಮ್ಮ ಔಷಧಿ ಕಳಿಸುತ್ತಲೇ ಇದ್ದರು. ಒಬ್ಬ ಬಿಳಿ ಛತ್ರಿ ತರುತ್ತೇನೆಂದ, ಒಬ್ಬರು ಬೇರೆ ಲೆನ್ಸು ಕೊಡುತ್ತೇನೆಂದರು, ಒಬ್ಬ ಕಂಪ್ಯೂಟರಿನಲ್ಲಿ ಮುಖ ಇಸ್ತ್ರಿ ಮಾಡುತ್ತೇನೆಂದ. ಇಸ್ತ್ರಿ ಮಾಡಿದ ಮುಖ ನೋಡಿದೆ. ಅಂಗಡಿಯ ಗೊಂಬೆಗೆ ಅತ್ತೆಯ ಸೀರೆ ಉಡಿಸಿದಂತಿತ್ತು. ಅವರಿಗೆ ತೋರಿಸಲಿಲ್ಲ.

ಹೀಗಿರುವಾಗ ಮಹಾನವಮಿ ಬಂತು. ಖಂಡೇಪೂಜೆಗೆ ನಮ್ಮ ಮನೆಯಲ್ಲಿ ದುಡಿಯುವ ವಸ್ತುಗಳನ್ನೆಲ್ಲ ದೇವರ ಮುಂದೆ ಇಡುತ್ತೇವೆ: ಕುಡಗೋಲು, ಅಂಗಡಿಯ ತಕ್ಕಡಿ, ನನ್ನ ಪೆನ್ನು, ಮಿಕ್ಸರ್. ಪೂಜೆಗಿಟ್ಟದ್ದನ್ನು ಮರುದಿನ ದಸರೆಯಲ್ಲಿ ಬನ್ನಿ ಕೊಟ್ಟು ತೆಗೆದುಕೊಳ್ಳುವವರೆಗೆ ಯಾರೂ ಮುಟ್ಟುವಂತಿಲ್ಲ. ಕ್ಯಾಮೆರಾವನ್ನೂ ಇಟ್ಟೆ. ಪೂಜೆ ಮಾಡುವವರು ಅತ್ತೆಯೇ, ಆ ಕೆಲಸವನ್ನು ಅವರು ಯಾರಿಗೂ ಬಿಟ್ಟುಕೊಡುವುದಿಲ್ಲ.

ಮರುದಿನ ಸಂಜೆ ಬನ್ನಿ ಕೊಡಲು ಮಂದಿ ಬಂದರು. ಈರಣ್ಣ, ಮೆಹಬೂಬ ಸರ್, ಬಸು ಮೂವರೂ ಒಂದೇ ಹೊತ್ತಿಗೆ ಬಂದದ್ದು ನನ್ನ ಗ್ರಹಚಾರ. ಬನ್ನಿ ಕೊಟ್ಟು, "ಬಂಗಾರದಂಗ ಇರೂಣು" ಎಂದು ಹೇಳಿ, ದೇವರಿಗೆ ಕೈಮುಗಿಯಲು ಬಗ್ಗಿದ ಈರಣ್ಣ ಅಲ್ಲೇ ನಿಂತುಬಿಟ್ಟ. ಲೆನ್ಸಿನ ಮುಚ್ಚಳ ಪಕ್ಕದಲ್ಲಿತ್ತು. ಲೆನ್ಸಿನ ಗಾಜಿನ ಮೇಲೆ, ಅಡ್ಡಡ್ಡ, ಮೂರು ಬೆರಳಿನ ವಿಭೂತಿ ಒಣಗಿ ಕೂತಿತ್ತು.

"ಅತ್ತೀ, ಇದೇನ್ರಿ ಮಾಡೀರಿ?" ಎಂದೆ.

"ಹಣಿ ಎಲ್ಲೆತಿ ಅಂತ ಹುಡಕಿದ್ನಿ. ಬರೇ ಕಣ್ಣ ಐತಿ ಅದಕ್ಕ. ಅಲ್ಲೇ ಹಚ್ಚಿದ್ನಿ," ಎಂದರು ಅತ್ತೆ. "ಟೊಪ್ಪಿಗಿ ಮ್ಯಾಲ ಹಚ್ಚಿದ್ರ ಅದಕ್ಕ ಮುಟ್ಟತೈತೇನು?"

ಆಮೇಲೆ ನಡೆದದ್ದು ವಿದ್ವತ್ಸಭೆ. "ನಾ ಫಿಲ್ಟರ್ ಹಾಕ್ರಿ ಅಂದಿದ್ದೆ," ಎಂದು ಈರಣ್ಣ ಹೇಳುವಾಗ ಅವನ ಮುಖದ ಕಳೆ ನೋಡಬೇಕಿತ್ತು. ಮಗಳ ಮದುವೆಯಲ್ಲೂ ಅಷ್ಟು ಬೆಳಗಿರಲಿಕ್ಕಿಲ್ಲ. ಒರೆಸಬೇಡಿ, ಗೀರು ಬೀಳುತ್ತದೆ, ಗಾಳಿ ಊದಿ ಎಂದರು ಮೆಹಬೂಬ ಸರ್. ಊದಿದರೆ ಉಗುಳು ಬೀಳುತ್ತದೆ, ಹುಬ್ಬಳ್ಳಿಗೆ ಒಯ್ಯಬೇಕು ಎಂದ ಬಸು. ಮೂವರೂ ಅಂಗಳಕ್ಕೆ ಬಂದು, ಕ್ಯಾಮೆರಾವನ್ನು ನನ್ನ ಕೈಯಲ್ಲೇ ಬಿಟ್ಟು, ತಂತಮ್ಮ ಫೋನಿನಲ್ಲಿ ವಿಡಿಯೋ ಹುಡುಕತೊಡಗಿದರು. ಒಬ್ಬರ ಫೋನಿನಲ್ಲಿ ಇಂಗ್ಲಿಷ್, ಒಬ್ಬರದರಲ್ಲಿ ಹಿಂದಿ, ಇನ್ನೊಬ್ಬನದರಲ್ಲಿ ಜಾಹೀರಾತು.

ಎಷ್ಟು ಹಾಳಾಗಿದೆ ನೋಡೋಣವೆಂದು ನಾನು ಕ್ಯಾಮೆರಾವನ್ನು ಕಣ್ಣಿಗೆ ಹಿಡಿದೆ. ಎದುರಿಗೆ ಬಾಗಿಲಲ್ಲಿ ಅತ್ತೆ. ಹಬ್ಬದ ಸೀರೆ, ಕಿವಿಯಲ್ಲಿ ಬೆಂಡವಾಲಿ, ಸೊಂಟದ ಮೇಲೆ ಕೈ. ಒಂದು ಚಿಟಿಕೆ ವಿಭೂತಿಗೆ ಮೂವರು ಗಂಡಸರು ತಲೆಗೆ ತಲೆ ಕೊಟ್ಟು ಒದ್ದಾಡುವುದನ್ನು ನೋಡಿ ನಗುತ್ತಿದ್ದರು. ಅವರು ಹಾಗೆ ನಕ್ಕದ್ದನ್ನು ಗಂಗವ್ವ ಹೋದ ಮೇಲೆ ನಾನು ನೋಡಿರಲಿಲ್ಲ. ಒತ್ತಿದೆ.

ಫೋಟೋ ಹೇಗೆ ಬಂತು ಎಂದರೆ, ಬಾಗಿಲು ಇತ್ತು, ಗಿಣಿ ಇತ್ತು, ಗೆರೆಗಳೂ ಇದ್ದವು. ಆದರೆ ಎಲ್ಲದರ ಮೇಲೆ ಮುಂಜಾನೆಯ ಹೊಗೆಯಂಥ ಒಂದು ಬೆಳಕು ಹರಡಿತ್ತು. ಬೆಂಡವಾಲಿಗಳು ಹಚ್ಚಿಟ್ಟ ಹಣತೆಗಳಂತಿದ್ದವು. ಮೂವರು ಪಂಡಿತರೂ ಬಗ್ಗಿ ನೋಡಿದರು, ಅವರ ಇತಿಹಾಸದಲ್ಲಿ ಮೊದಲ ಬಾರಿಗೆ ಒಮ್ಮತಕ್ಕೆ ಬಂದರು. ಇದು ಕೆಟ್ಟ ಫೋಟೋ. ಕಾಂಟ್ರಾಸ್ಟ್ ಇಲ್ಲ, ಶಾರ್ಪ್ ಇಲ್ಲ, ಅಳಿಸಿಬಿಡಿ.

ಅತ್ತೆ ಕನ್ನಡಕ ಹಾಕಿಕೊಂಡು ನೋಡಿದರು. ಬಹಳ ಹೊತ್ತು ನೋಡಿದರು.

"ಇದs," ಎಂದರು. "ಇಕಿ ನಾನು."

ಈಗ ಆ ಫೋಟೋ ಕಟ್ಟು ಹಾಕಿಸಿಕೊಂಡು ಪಡಸಾಲೆಯ ಗೋಡೆಯಲ್ಲಿ, ಮಾಲೆ ಹಾಕಿದ ಹಿರಿಯರ ಸಾಲಿನಲ್ಲಿ, ಮಾಲೆ ಇಲ್ಲದೆ ತೂಗುತ್ತಿದೆ. ಹೊಸಬರು ಬಂದು, ಅಯ್ಯೋ, ಯಾವಾಗ ಹೋದರು ಎಂದು ಕೇಳಿದರೆ ಅತ್ತೆಯೇ ಒಳಗಿನಿಂದ ಚಹಾ ತಂದು ಕೊಡುತ್ತಾರೆ. ಬ್ಯಾನರಿನವರಿಗೆ ಇದನ್ನೇ ಕೊಡಬೇಕೆಂದು ನಮ್ಮವರಿಂದ ಮಾತು ತೆಗೆದುಕೊಂಡಾಗಿದೆ. ನಾನು ಲೆನ್ಸು ಸ್ವಚ್ಛ ಮಾಡಿ, ಸದ್ದಿಲ್ಲದೆ ಒಂದು ಫಿಲ್ಟರ್ ತಂದು ಹಾಕಿದೆ. ಈರಣ್ಣನಿಗೆ ದಯವಿಟ್ಟು ಹೇಳಬೇಡಿ.

ಇಲ್ಲಿಗೆ ಮುಗಿಯಿತೆಂದುಕೊಂಡಿದ್ದೆ. ಮೊನ್ನೆ ಒಂದು ರವಿವಾರ ಅತ್ತೆ ಟಿವಿಯಲ್ಲಿ ಮನೆಯ ಫೋಟೋಗಳನ್ನೆಲ್ಲ ಹಾಕಿಸಿಕೊಂಡು ನೋಡುತ್ತಿದ್ದರು. ಕ್ಯಾಮೆರಾ ಬಂದ ಮೇಲಿನ ಹಬ್ಬ, ನಾಮಕರಣ, ಸೀಮಂತ ಎಲ್ಲ ಮುಗಿದವು.

"ಇದರಾಗ ನೀ ಎಲ್ಲಿದ್ದಿ?" ಎಂದರು.

"ನಾ ತಗದೀನಲ್ರಿ ಅತ್ತಿ. ನಾ ಹೆಂಗ ಬರತೇನಿ?"

ಅತ್ತೆ ಎದ್ದು, "ನಾ ಹ್ವಾದಮ್ಯಾಲ ನಿಂದ ಯಾರ ತಗೀತಾರು? ಆ ಮೂರ ಮಂದಿನಾ? ಮಾತಾಡಕೋಂತ ಕುಂಡರತಾರ. ಹೋಗು, ಹಬ್ಬದ ಸೀರಿ ಉಟಗೊಂಡ ಬಾಗಲದಾಗ ನಿಂದರು," ಎಂದರು.

ಆ ಬಾಗಿಲಲ್ಲಿ ಮೂವತ್ತು ವರ್ಷ ಒಳಗೆ ಹೊರಗೆ ಓಡಾಡಿದ್ದೇನೆ, ನಿಂತದ್ದಿಲ್ಲ. ಅದು ಅವರ ಬಾಗಿಲು. ಬೆನ್ನಿಗೆ ಸಾಗುವಾನಿ ತಣ್ಣಗೆ ತಾಗಿದಾಗ ನನಗೆ ಅಳು ಬಂತು, ಸುಳ್ಳೇಕೆ ಹೇಳಲಿ. ಅತ್ತೆ ಅದನ್ನು ನೋಡಲಿಲ್ಲ. ಅವರು ದೇವರ ಜಗಲಿಯಿಂದ ವಿಭೂತಿ ಗಟ್ಟಿ ತಂದು, ಬೆರಳು ಒದ್ದೆ ಮಾಡಿ, ಲೆನ್ಸಿಗೆ ಶ್ರದ್ಧೆಯಿಂದ ಹಚ್ಚುತ್ತಿದ್ದರು. "ಇಲ್ಲಾಂದ್ರ ಮಾರಿ ಚಲೋ ಬರೂದಿಲ್ಲ. ಅವರಿಗೆ ಹೇಳಬ್ಯಾಡ," ಎಂದರು. ಊರಿಗೆ ನಾಲ್ಕನೆಯ ಪಂಡಿತರು ಸಿಕ್ಕರು. ಕ್ಯಾಮೆರಾವನ್ನು ಎರಡೂ ಕೈಯಲ್ಲಿ ಮೊರ ಹಿಡಿದಂತೆ ಹಿಡಿದು, ಉಸಿರು ಬಿಗಿಹಿಡಿದು, ಒತ್ತಿದರು. ಆಮೇಲೆ ಕನ್ನಡಕ ಏರಿಸಿ ನೋಡಿ, "ಬಾಗಲಾ ಅಗದಿ ಚಲೋ ಬಂದೇತಿ," ಎಂದರು.

ಬಾಗಿಲು ನಿಜವಾಗಿಯೂ ಚೆನ್ನಾಗಿ ಬಂದಿದೆ. ಹೊಸ್ತಿಲು, ರಂಗೋಲಿ, ಯಾರೋ ಬಿಟ್ಟ ಚಪ್ಪಲಿ, ನನ್ನ ಹಬ್ಬದ ಸೀರೆ, ಕೊರಳ ತನಕ ನಾನು, ಎಲ್ಲವೂ ಇದೆ. ತಲೆ ಮಾತ್ರ ಇಲ್ಲ. ಇನ್ನೊಮ್ಮೆ ತೆಗೆಯಿರಿ ಎಂದು ನಾನು ಕೇಳಲಿಲ್ಲ, ಆ ಫೋಟೋ ಅಳಿಸುವುದೂ ಇಲ್ಲ. ನಾಳೆ ನನ್ನ ಬ್ಯಾನರ್ ಮಾಡುವವರಿಗೆ ಹೆಚ್ಚಿನ ಕೆಲಸವಿಲ್ಲ. ಯಾವುದಾದರೂ ಮದುವೆಯ ಊಟದ ಪಂಕ್ತಿಯಿಂದ ನನ್ನ ತಲೆ ಕತ್ತರಿಸಿ ತಂದು, ಅತ್ತೆಯವರ ಬಾಗಿಲಲ್ಲಿ ಕೂಡಿಸಿದರೆ ಆಯಿತು.